ಉಣುಗಿನ ಎಣ್ಣೆಯ ಸುಮಲತಾ

ಸೀತೂರಿನಿಂದ ಆಚೆ, ಟಾರು ರಸ್ತೆ ಬಿಟ್ಟು ಒಂದು ಮೈಲಿ ಒಳಗೆ ನಡೆದರೆ ಹದಿಮೂರು ಮನೆಗಳ ಒಂದು ಕೇರಿ ಸಿಗುತ್ತದೆ. ಅಲ್ಲಿ ಸುಮಲತಾಳ ಮನೆ ಯಾವುದು ಎಂದು ಕೇಳಿದರೆ, ‘ಯಾವ ಸುಮಲತಾ, ಎಣ್ಣೆ ಸುಮಲತಾನಾ?’ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಆ ಕೇರಿಯಲ್ಲಿ ಬೇರೆ ಸುಮಲತಾ ಇಲ್ಲವೇ ಇಲ್ಲ. ಆದರೂ ಕೇಳದೆ ಬಿಡುವುದಿಲ್ಲ. ಆ ಹೆಸರು ಇಟ್ಟವರು ಅವರೇ, ಹೇಳಿಕೊಳ್ಳುವ ಸಂತೋಷವನ್ನು ಬಿಟ್ಟಾರೆಯೇ?

ಈ ಎಣ್ಣೆ ಅಡುಗೆಯದಲ್ಲ, ತಲೆಗೆ ಹಚ್ಚುವುದೂ ಅಲ್ಲ. ಉಣುಗಿನ ಎಣ್ಣೆ. ಉಣುಗು ಎಂದರೆ ದನದ ಮೈಯಲ್ಲಿ, ಕಾಡಿನ ಒಣ ಎಲೆಗಳ ನಡುವೆ ಇರುವ, ಸಾಸಿವೆ ಕಾಳಿಗಿಂತ ಸಣ್ಣ ಹುಳ. ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮಂಗನ ಕಾಯಿಲೆ ಬರುವುದು ಅದರಿಂದಲೇ, ಅದು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಆಸ್ಪತ್ರೆಯವರು ಕೊಡುವುದು ಈ ಎಣ್ಣೆ. ಚಳಿಗಾಲ ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಎಲ್ಲಾದರೂ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂದರೆ ಸಾಕು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹೆಂಗಸರ ಎದೆ ಧಸಕ್ಕೆನ್ನುತ್ತದೆ. ಯಾಕೆಂದರೆ ಅದೇ ಹೊತ್ತಿಗೆ ಅವರು ದರಗು ತರಲು ಗುಡ್ಡ ಹತ್ತಬೇಕು. ದರಗು ಎಂದರೆ ಉದುರಿದ ಒಣ ಎಲೆ. ಅದನ್ನು ಗುಡಿಸಿ, ಜಲ್ಲೆ ಎನ್ನುವ ದೊಡ್ಡ ಬುಟ್ಟಿಗಳಲ್ಲಿ ತುಂಬಿ ಹೊತ್ತು ತಂದು ಕೊಟ್ಟಿಗೆಗೆ ಹಾಸದಿದ್ದರೆ ಮಳೆಗಾಲದಲ್ಲಿ ದನ ಮಲಗಲು ಒಣ ಜಾಗವಿಲ್ಲ, ಗದ್ದೆಗೆ ಗೊಬ್ಬರವೂ ಇಲ್ಲ. ಕಾಯಿಲೆ ಬಂತೆಂದು ಮನೆಯಲ್ಲಿ ಕೂರಲು ಯಾರಿಗಾಗುತ್ತದೆ?

ದರಗಿನ ಕೆಲಸ ಮುಯ್ಯಾಳಿನ ಕೆಲಸ. ಇವತ್ತು ಐದು ಹೆಂಗಸರು ಸೇರಿ ನಿನ್ನ ಕೊಟ್ಟಿಗೆಗೆ ತಂದರೆ, ನಾಳೆ ಅದೇ ಐವರು ನನ್ನ ಕೊಟ್ಟಿಗೆಗೆ ತರಬೇಕು. ಗುಡ್ಡದ ಬುಡದಲ್ಲಿ, ಬೇಲಿ ದಾಟುವ ಮೊದಲು, ಎಲ್ಲರೂ ಸೀರೆ ಎತ್ತಿಕಟ್ಟಿ ಸಾಲಾಗಿ ನಿಲ್ಲುತ್ತಾರೆ. ಒಬ್ಬಳು ಬಾಟಲಿ ಹಿಡಿದು ಉಳಿದವರ ಕೈಕಾಲಿಗೆ ಎಣ್ಣೆ ಸವರುತ್ತಾಳೆ. ತಮ್ಮ ಪಾಡಿಗೆ ತಾವು ಹಚ್ಚಿಕೊಂಡರೆ ಮೊಣಕಾಲಿನ ಹಿಂಭಾಗ ಬಿಟ್ಟುಹೋಗುತ್ತದೆಂದು ಆಶಾ ಕಾರ್ಯಕರ್ತೆ ಮೂಕಾಂಬಿಕಾ ಮಾಡಿದ ಏರ್ಪಾಡು ಇದು. ಬಾಟಲಿಯನ್ನು ಅವಳು ಸುಮಲತಾಳ ಕೈಗೇ ಕೊಟ್ಟಿದ್ದಳು. ಐವರಲ್ಲಿ ಅಚ್ಚುಕಟ್ಟು ಎಂದರೆ ಅವಳೇ.

ಆ ಅಚ್ಚುಕಟ್ಟು ಹುಟ್ಟಿನಿಂದ ಬಂದದ್ದೇನಲ್ಲ, ಬೇರೆ ದಾರಿಯಿಲ್ಲದೆ ಬಂದದ್ದು. ಶೃಂಗೇರಿ ಕಡೆಯ ಅಡ್ಡಗದ್ದೆಯಲ್ಲಿ ಕೂಲಿ ಮಾಡುವ ಸುಬ್ಬಪ್ಪನ ಹಿರಿಮಗಳು ಅವಳು. ತಾಯಿ ಸದಾ ಹಾಸಿಗೆಯಲ್ಲಿ. ಹನ್ನೊಂದನೇ ವರ್ಷಕ್ಕೇ ಒಲೆ ಅವಳ ಪಾಲಿಗೆ ಬಂತು. ನಾಲ್ಕು ಜನರಿಗೆಂದು ಮಾಡಿದ ಸಾರಿಗೆ ಆರು ಜನ ಬಂದು ಕೂತರೆ ಒಂದು ಲೋಟ ಬಿಸಿನೀರು, ಒಂದು ಚಿಟಿಕೆ ಉಪ್ಪು ಹಾಕಿ ಯಾರಿಗೂ ಗೊತ್ತಾಗದಂತೆ ಸುಧಾರಿಸುತ್ತಿದ್ದಳು. ಇದ್ದದ್ದರಲ್ಲಿ ಸುಧಾರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಸುಬ್ಬಪ್ಪ ಕಂಡಕಂಡವರಲ್ಲಿ ಹೇಳಿಕೊಂಡು ತಿರುಗಿದ. ಆ ಹೊಗಳಿಕೆಯಿಂದಲೇ ಇಪ್ಪತ್ತೆರಡಕ್ಕೆ ಸೀತೂರಿನ ಸಂಬಂಧ ಕೂಡಿಬಂತು. ಗಂಡ ಯೋಗೇಂದ್ರ ಒಂದು ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ, ಕುಡಿತವಿಲ್ಲ, ಮಾತೂ ಕಡಿಮೆ. ಅತ್ತೆ ಗುಡ್ಡಮ್ಮನದು ಬಾಯಿ ಜೋರು, ಕೈ ಧಾರಾಳ. ನಾಲ್ಕು ವರ್ಷದ ಮೇಲೆ ಮಗಳು ಶಾಂಭವಿ ಹುಟ್ಟಿದಳು.

ಬಾಣಂತನದಲ್ಲಿ ಒಂದು ವಿಷಯ ನಡೆದಿತ್ತು. ಮಗು ಹುಟ್ಟಿದ ತಿಂಗಳಿಗೆ ಸುಮಲತಾ ಗೋಡೆ ನೋಡಿಕೊಂಡು ಕೂರಲು ಶುರುಮಾಡಿದಳು. ಹಾಲು ಸಾಕಾಗುತ್ತಿಲ್ಲ, ಮಗು ನನ್ನಿಂದಲೇ ಬಡವಾಗುತ್ತಿದೆ ಎಂಬ ಒಂದೇ ಮಾತು. ಮಗುವೋ ಗುಂಡಗೆ ಇತ್ತು. ಬಾಣಂತಿಯರಿಗೆ ಇದೆಲ್ಲ ಆಗುವುದೇ ಎಂದು ಗುಡ್ಡಮ್ಮ ಕಷಾಯ ಕೊಟ್ಟಳು. ಮೂರ್ನಾಲ್ಕು ತಿಂಗಳಿಗೆ ತಾನಾಗಿ ಸರಿಹೋಯಿತು. ಸರಿಹೋದದ್ದಕ್ಕೆ ಎಲ್ಲರೂ ಅದನ್ನು ಮರೆತರು. ಮರೆಯಬಾರದಿತ್ತು ಎನ್ನುವುದು ನನ್ನ ಸಿಟ್ಟು. ದನಕ್ಕೆ ಒಮ್ಮೆ ಹೊಟ್ಟೆ ಉಬ್ಬರಿಸಿದರೆ ಮರುವರ್ಷ ಅದೇ ಮೇವು ಹಾಕುವಾಗ ಹತ್ತು ಸಲ ಯೋಚಿಸುವ ಜನ, ಮನೆಯ ಸೊಸೆಯ ವಿಷಯದಲ್ಲಿ ಅಷ್ಟೂ ನೆನಪಿಟ್ಟುಕೊಳ್ಳಲಿಲ್ಲ.

ಈ ವರ್ಷದ ಮಾಘದಲ್ಲಿ ಒಂದು ಶನಿವಾರ ಪಕ್ಕದ ಮನೆಯ ಕಲ್ಲಮ್ಮನ ಸರದಿ ಇತ್ತು. ಕಲ್ಲಮ್ಮ ಐವತ್ತು ದಾಟಿದ ವಿಧವೆ, ಮಗ ರಾಜೇಶನ ಜೊತೆ ಇರುವವಳು, ಸುಮಲತಾಳನ್ನು ತಂಗಿಯ ಹಾಗೆ ಕಂಡವಳು. ಬೆಳಿಗ್ಗೆ ಬಾಟಲಿ ನೋಡಿದರೆ ತಳದಲ್ಲಿ ಎರಡು ಬೆರಳಿನಷ್ಟು ಎಣ್ಣೆ. ಹೊಸ ಬಾಟಲಿ ತರುವ ಮೂಕಾಂಬಿಕಾ ಬರುವುದು ಸೋಮವಾರ. ಐವರಿಗೆ ಅಷ್ಟು ಯಾವ ಮೂಲೆಗೂ ಸಾಲುವುದಿಲ್ಲ. ಎಣ್ಣೆ ಇಲ್ಲ, ಇವತ್ತು ಬೇಡ ಎಂದರೆ ಮುಯ್ಯಿಯ ಲೆಕ್ಕವೆಲ್ಲ ತಪ್ಪಿಹೋಗುತ್ತದೆ. ಸುಮಲತಾ ಹೆಚ್ಚು ಯೋಚಿಸಲಿಲ್ಲ. ಕೊಬ್ಬರಿ ಎಣ್ಣೆಯ ಡಬ್ಬಿ ತೆಗೆದು ಬಾಟಲಿಗೆ ಅರ್ಧದವರೆಗೆ ಸುರಿದಳು, ಮುಚ್ಚಳ ಹಾಕಿ ಕುಲುಕಿದಳು. ಸಾರಿಗೆ ನೀರು ಹಾಕಿದ ಹಾಗೆಯೇ. ಗುಡ್ಡದ ಬುಡದಲ್ಲಿ ಸವರುವಾಗ ಇವತ್ತು ಅಷ್ಟು ನಾತವಿಲ್ಲ ಎಂದು ಹೆಂಗಸರು ಖುಷಿಪಟ್ಟರು. ಅವಳೂ ನಕ್ಕಳು.

ಎಂಟು ದಿನ ಕಳೆದ ಮೇಲೆ ಕಲ್ಲಮ್ಮನಿಗೆ ಜ್ವರ ಬಂತು. ಮೊದಲ ದಿನ ಮೈಕೈ ನೋವು ಎಂದಳು. ಮೂರನೇ ದಿನಕ್ಕೆ ಕಣ್ಣು ಕೆಂಡದಂತಾಗಿ, ವಸಡಿನಿಂದ ರಕ್ತ ಬರಲು ಶುರುವಾಯಿತು. ಮೂಕಾಂಬಿಕಾ ಓಡಿಬಂದು ರಕ್ತ ಪರೀಕ್ಷೆಗೆ ಕಳಿಸಿದಳು, ಮಂಗನ ಕಾಯಿಲೆಯೇ ಎಂದು ಗೊತ್ತಾಯಿತು. ಆಂಬುಲೆನ್ಸಿಗೆ ಎತ್ತುವಾಗ ಕಲ್ಲಮ್ಮನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಸುಮಲತಾ ಅವಳ ಬರಿಗಾಲನ್ನು ನೋಡುತ್ತ ನಿಂತಳು. ಆ ಕಾಲಿಗೆ ಎಣ್ಣೆ ಸವರಿದ್ದು ಈ ಕೈ.

ಹದಿನೆಂಟು ದಿನ. ಅಷ್ಟೂ ದಿನ ಸುಮಲತಾ ಹರಕೆ ಹೊತ್ತದ್ದಕ್ಕೆ ಮಿತಿಯಿಲ್ಲ. ಕಲ್ಲಮ್ಮ ಬದುಕಿ ಬಂದರೆ ಸಾಕು, ಮತ್ತೇನೂ ಬೇಡ ಎಂದು ಬೇಡಿದಳು. ಕಲ್ಲಮ್ಮ ಬದುಕಿ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು, ಕೂದಲು ಉದುರಿತ್ತು, ಆದರೂ ಕಾರಿನಿಂದ ಇಳಿದವಳೇ ರಾಜೇಶನಿಗೆ ದನಕ್ಕೆ ಹುಲ್ಲು ಹಾಕಿದೆಯಾ ಎಂದು ಬೈದಳು. ಇಡೀ ಕೇರಿ ನಕ್ಕಿತು. ಇನ್ನು ಎದೆಯ ಭಾರ ಇಳಿಯುತ್ತದೆ ಎಂದು ಸುಮಲತಾ ಕಾದಳು. ಇಳಿಯಲಿಲ್ಲ.

ಬೆಳಿಗ್ಗೆ ಪಾತ್ರೆ ತಿಕ್ಕಲು ಕೂತರೆ ಶುರು. ಯಾವಾಗಲೂ ಒಂದೇ ಕಡೆಯಿಂದ ಶುರು. ಕೊಬ್ಬರಿ ಎಣ್ಣೆಯ ಡಬ್ಬಿಯ ಮುಚ್ಚಳ, ಬಾಟಲಿಗೆ ಎಣ್ಣೆ ಇಳಿಯುವ ಗುಳುಗುಳು ಶಬ್ದ, ಗುಡ್ಡದ ಬುಡದಲ್ಲಿ ಹೆಂಗಸರ ನಗು, ಕಲ್ಲಮ್ಮನ ಕಾಲು, ಆಂಬುಲೆನ್ಸಿನ ಬಾಗಿಲು. ಕೊನೆಗೆ, ನೀನೇ ಮಾಡಿದ್ದು. ಅಲ್ಲ, ಅವಳು ಬದುಕಿದ್ದಾಳಲ್ಲ ಎಂದು ಸುಮಲತಾ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಸತ್ತಿದ್ದರೆ ಎಂದು ಯೋಚನೆ ಕೇಳುತ್ತದೆ. ಸತ್ತಿದ್ದರೆ ರಾಜೇಶ ತಬ್ಬಲಿ, ನೀನು ಕೊಲೆಗಾತಿ. ಸೋಮವಾರದವರೆಗೆ ಕಾಯಬಹುದಿತ್ತಲ್ಲ? ಯಾಕೆ ಕಾಯಲಿಲ್ಲ? ಮತ್ತೆ ಡಬ್ಬಿಯ ಮುಚ್ಚಳ. ಕೆಸರಿನಲ್ಲಿ ಹೂತ ಟ್ರ್ಯಾಕ್ಟರಿನ ಗಾಲಿಯ ಹಾಗೆ, ತಿರುಗಿದಷ್ಟೂ ಕೆಳಕ್ಕೆ. ಒಂದು ಪಾತ್ರೆಯನ್ನೇ ಅರ್ಧ ಗಂಟೆ ತಿಕ್ಕುತ್ತಿದ್ದಾಳೆಂದು ಗುಡ್ಡಮ್ಮ ಕೂಗಿದಾಗಲೇ ಅವಳಿಗೆ ಎಚ್ಚರ.

ಯೋಚನೆಯನ್ನು ನಿಲ್ಲಿಸಲು ಅವಳಿಗೆ ಹೆದರಿಕೆಯೂ ಇತ್ತು. ಯೋಚಿಸುವುದನ್ನು ಬಿಟ್ಟರೆ ಮಾಡಿದ ತಪ್ಪನ್ನು ಮರೆತ ಹಾಗಲ್ಲವೇ? ಮರೆತರೆ ಮತ್ತೆ ಅಂಥದ್ದೇ ಮಾಡುತ್ತೇನಲ್ಲ? ಕೂತು ಸರಿಯಾಗಿ ಯೋಚಿಸಿದರೆ ಎಲ್ಲಿ ತಪ್ಪಿದೆ ಎನ್ನುವುದು ಸಿಕ್ಕೀತು, ಆಮೇಲೆ ಸಮಾಧಾನವಾದೀತು ಎಂದುಕೊಂಡು ದಿನವೂ ಕೂತಳು. ಸಿಕ್ಕಿದ್ದು ಹಳೆಯ ತಪ್ಪುಗಳು. ತಾಯಿ ಸಾಯುವ ಹಿಂದಿನ ದಿನ ನೀರು ಕೇಳಿದಾಗ ಗದರಿದ್ದು. ಹಾಲು ಸಾಲದ ಬಾಣಂತನ. ಎಲ್ಲ ಬಂದು ಸಾಲಾಗಿ ನಿಂತವು.

ಏಪ್ರಿಲ್ ಹೊತ್ತಿಗೆ ಅನ್ನ ಸೇರದಾಯಿತು. ಕೂಲಿಗೆ ಹೋಗುವುದನ್ನು ಬಿಟ್ಟಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗದೆ ಎರಡು ಸಲ ಹಾಕಿದಳು, ಇನ್ನೊಂದು ದಿನ ಹಾಕಲೇ ಇಲ್ಲ. ಶಾಲೆಗೆ ರಜೆ ಬಿಟ್ಟಿತ್ತು. ಒಂಬತ್ತು ವರ್ಷದ ಶಾಂಭವಿಯನ್ನು ಅಂಗಳ ದಾಟಲು ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವಳ ಬಟ್ಟೆ ಬಿಚ್ಚಿಸಿ, ಕಿವಿಯ ಹಿಂದೆ, ಕಂಕುಳಲ್ಲಿ, ಕೂದಲಿನ ಬುಡದಲ್ಲಿ ಉಣುಗು ಹುಡುಕುವಳು. ಮುಗಿಯಿತೆಂದು ಬಿಟ್ಟು ಮತ್ತೆ ಕರೆದು ಹುಡುಕುವಳು. ಮಗು ಮೊದಮೊದಲು ನಕ್ಕಿತು. ಆಮೇಲೆ ಅಳತೊಡಗಿತು. ಆಮೇಲೆ ಅಮ್ಮ ಕರೆದರೆ ಅಜ್ಜಿಯ ಹಿಂದೆ ಅಡಗಿಕೊಳ್ಳತೊಡಗಿತು.

ಬುದ್ಧಿ ಹೇಳುವವರಿಗೆ ಎಲ್ಲಿ ಬರ! ಕೆಲಸವಿಲ್ಲದೆ ಕೂತರೆ ಹೀಗೇ ಆಗುವುದು ಎಂದಳು ಒಬ್ಬಳು. ದೇವರ ನಾಮ ಹೇಳು ಎಂದಳು ಇನ್ನೊಬ್ಬಳು. ನಿನಗೇನು ಕಮ್ಮಿಯಾಗಿದೆ, ಗಂಡ ಕುಡಿಯುತ್ತಾನಾ, ಹೊಡೆಯುತ್ತಾನಾ ಎಂದು ಮೂರನೆಯವಳು ವಿಚಾರಣೆಯನ್ನೇ ನಡೆಸಿದಳು. ಗುಡ್ಡಮ್ಮ ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು, ಘಾಟು ಬರಲಿಲ್ಲವೆಂದು ದೃಷ್ಟಿ ಖಂಡಿತ ಎಂದಳು. ಯೋಗೇಂದ್ರ ಸಂಜೆ ಬಂದವನು ಹೆಂಡತಿಯ ಮುಖ ನೋಡಿ, ತಲೆ ಕೆಡಿಸಿಕೊಳ್ಳಬೇಡ ಎನ್ನುತ್ತಿದ್ದ. ದಿನವೂ ಅದೊಂದೇ. ಪಾಪ, ಅವನಿಗೆ ಗೊತ್ತಿದ್ದದ್ದೇ ಅಷ್ಟು. ಆದರೆ ತಲೆ ಕೆಡಿಸಿಕೊಳ್ಳಬೇಡ ಎನ್ನುವ ಮಾತಿನಿಂದ ಈ ಭೂಮಿಯ ಮೇಲೆ ಒಂದೇ ಒಂದು ತಲೆ ಸರಿಯಾದದ್ದನ್ನು ಯಾರಾದರೂ ತೋರಿಸಿದರೆ ನಾನು ಅವರ ಮನೆಗೆ ಒಂದು ವರ್ಷ ದರಗು ಹೊರುತ್ತೇನೆ.

ಎಣ್ಣೆಯ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೇರಿ ತನ್ನನ್ನು ಓಡಿಸುತ್ತದೆ, ಶಾಂಭವಿಯನ್ನು ಕೊಲೆಗಾತಿಯ ಮಗಳು ಎನ್ನುತ್ತಾರೆ ಎಂಬ ಹೆದರಿಕೆ.

ಮೇ ತಿಂಗಳಲ್ಲಿ ಯೋಚನೆ ಇನ್ನೊಂದು ಮಾತು ಕಲಿತುಕೊಂಡು ಬಂತು. ಮಗುವಿಗೆ ಅಪಾಯ ಉಣುಗಿನಿಂದಲ್ಲ, ನಿನ್ನಿಂದ. ನೀನು ಕೈಯಿಟ್ಟದ್ದೆಲ್ಲ ಕೆಡುತ್ತದೆ. ನೀನಿಲ್ಲದಿದ್ದರೆ ಅದು ಚೆನ್ನಾಗಿ ಬೆಳೆಯುತ್ತದೆ. ಮೊದಲ ಸಲ ಇದು ಬಂದಾಗ ಸುಮಲತಾ ಕೈಯಲ್ಲಿದ್ದ ಸೌಟು ಬಿಟ್ಟು ಹೊರಗೆ ಓಡಿ ಅಂಗಳದಲ್ಲಿ ನಿಂತಳು. ಹಾಡಹಗಲು, ಕೋಳಿಗಳು ಕೆದಕುತ್ತಿದ್ದವು. ಅವಳು ಹೆದರಿದ್ದು ತನ್ನನ್ನೇ ನೋಡಿ. ಎಲ್ಲಿಗೆ ಓಡಿದರೂ ಅದು ಜೊತೆಗೇ ಬರುತ್ತದಲ್ಲ. ನೂರನೆಯ ಸಲ ಬರುವ ಹೊತ್ತಿಗೆ ಅದು ಸರಿಯಾದ ಮಾತೆಂದೇ ಕಾಣಿಸತೊಡಗಿತು. ಅದೇ ಎಲ್ಲಕ್ಕಿಂತ ಭಯಂಕರ.

ಹಾಗೆ ಒಂದು ತೀರ್ಮಾನಕ್ಕೆ ಬಂದಳು. ಶಾಂಭವಿಯನ್ನು ಅಡ್ಡಗದ್ದೆಗೆ ಕರೆದುಕೊಂಡು ಹೋಗಿ ತಂಗಿ ಮಾಲತಿಯ ಹತ್ತಿರ ಬಿಡುವುದು. ಮಾಲತಿಗೆ ಮಕ್ಕಳಿಲ್ಲ, ಪ್ರಾಣದಂತೆ ನೋಡಿಕೊಳ್ಳುತ್ತಾಳೆ. ಅಲ್ಲೇ ಶಾಲೆಗೆ ಸೇರಲಿ. ಆಮೇಲೆ ತಾನು ಒಬ್ಬಳೇ ಹಿಂದಿರುಗುವುದು. ಹಿಂದಿರುಗಿ? ಆ ಪ್ರಶ್ನೆಯನ್ನು ಅವಳು ಕೇಳಿಕೊಳ್ಳಲಿಲ್ಲ. ಉತ್ತರ ಗೊತ್ತಿತ್ತು, ಆದ್ದರಿಂದ.

ತವರಿಗೆ ನಾಲ್ಕು ದಿನ ಹೋಗಿಬರುತ್ತೇನೆ ಎಂದಾಗ ಮನೆಯವರಿಗೆ ಹಾಲು ಕುಡಿದಷ್ಟು ಸಂತೋಷ. ಎಷ್ಟೋ ದಿನಕ್ಕೆ ತಾನಾಗಿ ಒಂದು ಆಸೆ ಹೇಳಿದಳಲ್ಲ ಎಂದು ಗುಡ್ಡಮ್ಮ ಹಪ್ಪಳ ಕಟ್ಟಿಕೊಟ್ಟಳು. ಬ್ಯಾಗಿನ ತಳದಲ್ಲಿ ಮಗುವಿನ ಯೂನಿಫಾರ್ಮು, ಆಧಾರ್ ಕಾರ್ಡು ಹೋದದ್ದನ್ನು ಯಾರೂ ನೋಡಲಿಲ್ಲ.

ಹೊರಡುವ ಬೆಳಿಗ್ಗೆ ಅವಳಿಗೆ ಇನ್ನೊಂದು ಕೆಲಸ ಬಾಕಿಯಿತ್ತು. ಕಲ್ಲಮ್ಮನಿಗೆ ನಿಜ ಹೇಳುವುದು. ಇನ್ನು ಕಳೆದುಕೊಳ್ಳುವುದು ಏನೂ ಇಲ್ಲ ಎನ್ನುವವರ ಧೈರ್ಯ ಅದು, ಅಂಥ ಧೈರ್ಯ ಯಾರಿಗೂ ಬರುವುದು ಬೇಡ. ಶಾಂಭವಿಯನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಹೋದಳು. ಕಲ್ಲಮ್ಮ ಅಡುಗೆಮನೆಯಲ್ಲಿ ಹಲಸಿನ ತೊಳೆ ಬಿಡಿಸುತ್ತಿದ್ದಳು. ಸುಮಲತಾ ನಿಂತುಕೊಂಡೇ ಎಲ್ಲ ಹೇಳಿದಳು. ಡಬ್ಬಿ, ಬಾಟಲಿ, ಅರ್ಧದವರೆಗೆ ಸುರಿದದ್ದು. ನಿನ್ನನ್ನು ಸಾವಿನ ಬಾಯಿಗೆ ನೂಕಿದವಳು ನಾನೇ ಎಂದು ಮುಗಿಸಿ, ಬೈಗುಳಕ್ಕೆ ಕಾಯುತ್ತ ಕಣ್ಣು ಮುಚ್ಚಿದಳು.

ಕಲ್ಲಮ್ಮ ಕೈಯಲ್ಲಿದ್ದ ತೊಳೆಯನ್ನು ಕೆಳಗಿಟ್ಟಳು. ಮಾತಾಡಿದಾಗ ದನಿ ತಗ್ಗಿತ್ತು.

“ಸುಮ, ನಿನ್ನ ಎಣ್ಣೆ ನನ್ನ ಕಾಲ ಮೇಲೆ ಇದ್ರೆ ತಾನೆ? ನಾನು ತೊಳ್ಕಂಡಿದ್ದೆ ಮಾರಾಯ್ತಿ. ಅವತ್ತೊಂದೇ ಅಲ್ಲ, ದಿನಾ.”

ಆ ಗುಡ್ಡದ ಮೇಲೆ, ಹಳ್ಳ ದಾಟಿದ ಕೂಡಲೇ, ಗುಡ್ಡ ಕಾಯುವ ದೇವತೆ ಚೌಡಿಯ ಬನವೊಂದಿದೆ. ಮರದ ಬುಡದಲ್ಲಿ ಒಂದು ಕಲ್ಲು, ಅಷ್ಟೇ. ಗುಡ್ಡದ ಸೊಪ್ಪು ದರಗು ಎಲ್ಲ ಚೌಡಿಯದು, ಕೇಳದೆ ಗುಡಿಸಬಾರದು. ಕಲ್ಲಮ್ಮನ ಅತ್ತೆಯ ಕಾಲದಿಂದ ದರಗಿನ ದಿನ ಮೊದಲು ಅಲ್ಲಿಗೆ ಒಂದು ಹೂವು ಇಟ್ಟು ಬರುವುದು ಅವರ ಮನೆಯವರ ಕೆಲಸ. ಆಸ್ಪತ್ರೆಯ ಎಣ್ಣೆ ಮೈಗೆ ಬಳಿದುಕೊಂಡು, ಆ ನಾತದಲ್ಲಿ ತಾಯಿಯ ಮುಂದೆ ಹೇಗೆ ನಿಲ್ಲುವುದು? ಅದಕ್ಕೆ ಕಲ್ಲಮ್ಮ ಉಳಿದವರಿಗಿಂತ ಮುಂದೆ ಹೋಗಿ, ಹಳ್ಳದಲ್ಲಿ ಕೈಕಾಲನ್ನು ಮಣ್ಣು ಹಾಕಿ ತಿಕ್ಕಿ ತೊಳೆದು, ಹೂವು ಇಟ್ಟು, ಹಾಗೆಯೇ ಬರಿಗಾಲಲ್ಲಿ ದರಗಿಗೆ ಇಳಿಯುತ್ತಿದ್ದಳು. ಗೊತ್ತಾದರೆ ಮೂಕಾಂಬಿಕಾ ಬೈಯುತ್ತಾಳೆಂದು ಬಾಯಿಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲೂ ಎಣ್ಣೆ ಹಚ್ಚಿದ್ದೆ ಎಂದೇ ಹೇಳಿದ್ದಳು.

ಕಲ್ಲಮ್ಮ ಎದ್ದು ಬಂದು ಸುಮಲತಾಳ ಎರಡೂ ಕೈ ಹಿಡಿದುಕೊಂಡಳು. ಮೂರು ತಿಂಗಳು ಇದಕ್ಕೆ ಕೊರಗಿದೆಯಾ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಅತ್ತಳು. ಸುಮಲತಾ ಕೂಡ ಅತ್ತಳು. ಹೊರಗೆ ಬಂದು ಮಗಳ ಕೈ ಹಿಡಿದು ಸೀತೂರಿನ ರಸ್ತೆಯವರೆಗೆ ನಡೆಯುವಾಗ ಅವಳ ಮೈ ಹಗುರವಾಗಿತ್ತು. ನಾನಲ್ಲ. ನಾನಲ್ಲ. ಕಾಲುಗಳು ಆ ಮಾತಿಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದವು. ಇನ್ನು ಅಡ್ಡಗದ್ದೆಗೆ ಹೋಗುವುದೇ ಬೇಡ, ತಿರುಗಿ ಹೋಗೋಣ ಎಂದೂ ಒಮ್ಮೆ ಅನ್ನಿಸಿತು.

ಬಸ್ಸು ಬರಲು ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷದಲ್ಲೇ ಯೋಚನೆ ಮತ್ತೆ ಬಂತು. ಎಣ್ಣೆ ಸವರುವವಳು ನೀನು, ಕಲ್ಲಮ್ಮ ತೊಳೆದುಕೊಳ್ಳುವುದನ್ನು ಯಾಕೆ ನೋಡಲಿಲ್ಲ? ಬಾಟಲಿ ಹಿಡಿದು ಎರಡು ವರ್ಷ ಜೊತೆಗೆ ಹೋದೆ, ಒಂದು ಸಲವಾದರೂ ತಿರುಗಿ ನೋಡಿದೆಯಾ? ನೋಡಿದ್ದರೆ ಅವಳಿಗೆ ಕಾಯಿಲೆ ಬರುತ್ತಿರಲಿಲ್ಲ. ಉಳಿದ ಮೂವರ ಕಾಲ ಮೇಲೆ ಇದ್ದದ್ದು ನೀನು ಬೆರೆಸಿದ ಎಣ್ಣೆಯೇ ತಾನೆ? ಅವರಿಗೆ ಬಂದಿದ್ದರೆ? ಮೂರು ತಿಂಗಳು ಮುಚ್ಚಿಟ್ಟವಳು ನೀನು. ಇಂಥವಳ ಕೈಯಲ್ಲಿ ಒಂದು ಮಗು.

ಸುಮಲತಾ ಹಿಂದೆಂದೂ ಹೀಗೆ ಹೆದರಿರಲಿಲ್ಲ. ಇಷ್ಟು ದಿನ ಅವಳು ತಪ್ಪಿಗೆ ಹೆದರಿದ್ದಳು. ತಪ್ಪೇ ಇಲ್ಲವಾದರೆ ಇದು ಬಿಟ್ಟುಹೋಗುತ್ತದೆಂದು ನಂಬಿದ್ದಳು. ತಪ್ಪು ಹೋಯಿತು, ಇದು ಹೋಗಲಿಲ್ಲ. ಹತ್ತು ನಿಮಿಷಕ್ಕೆ ಬೇರೆ ಸೀರೆ ಉಟ್ಟುಕೊಂಡು ಬಂದು ನಿಂತಿದೆ. ಹಾಗಾದರೆ ಇದಕ್ಕೆ ಬೇಕಾದದ್ದು ಎಣ್ಣೆಯ ನಿಜವಲ್ಲ, ತಾನು.

ಬಸ್ಸು ಬಂತು, ಅಭ್ಯಾಸಬಲದಿಂದ ಹತ್ತಿದಳು. ಕೊಪ್ಪದಲ್ಲಿ ಇಳಿದು ಶೃಂಗೇರಿಯ ಬಸ್ಸಿಗೆ ಕಾಯಬೇಕಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತಿದ್ದಾಗ ಶಾಂಭವಿ ಬ್ಯಾಗಿನಲ್ಲಿ ಬಿಸ್ಕತ್ತು ಹುಡುಕಲು ಕೈಹಾಕಿ, ಯೂನಿಫಾರ್ಮನ್ನು ಎಳೆದು ಹೊರತೆಗೆದಳು. ಅದನ್ನೂ ನೋಡಿದಳು, ಅಮ್ಮನ ಮುಖವನ್ನೂ ನೋಡಿದಳು. ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎನ್ನುವವರು ಮಕ್ಕಳನ್ನು ನೋಡಿಲ್ಲ.

“ಅಮ್ಮ, ನನ್ನ ಅಲ್ಲಿ ಬಿಟ್ಟು ಬತ್ತೀಯಾ? ಕರ್ಕಂಡು ಹೋಗಕ್ಕೆ ಯಾವಾಗ ಬತ್ತಿ?”

ಸುಮಲತಾ ಬಾಯಿ ತೆರೆದಳು. ಬರುವ ವಾರ ಎಂದು ಸುಳ್ಳು ಹೇಳಲು ಹೋದಳು, ಆಗಲಿಲ್ಲ. ಬರುವುದಿಲ್ಲ ಎನ್ನುವುದು ನಾಲಗೆಯ ತುದಿಯಲ್ಲಿತ್ತು. ಅದು ಅಷ್ಟು ಹತ್ತಿರ ಬಂದು ಕೂತಿದೆ ಎಂದು ಅವಳಿಗೆ ಆಗಲೇ ತಿಳಿದದ್ದು. ಶೃಂಗೇರಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಊರುಗಳ ಹೆಸರು ಕೂಗತೊಡಗಿದ. ಅವಳು ಏಳಲಿಲ್ಲ. ಫೋನು ತೆಗೆದು ಮೂಕಾಂಬಿಕಾಳ ನಂಬರು ಒತ್ತಿದಳು. ಗಂಡನಿಗಾದರೆ ತಲೆ ಕೆಡಿಸಿಕೊಳ್ಳಬೇಡ ಎನ್ನುತ್ತಾನೆ. ಇದನ್ನು ಕಾಯಿಲೆಯೆಂದು ಕೇಳಿಸಿಕೊಳ್ಳುವವರು ಬೇಕಿತ್ತು.

“ಅಕ್ಕ, ನಾನು ಸುಮಲತಾ, ಕೊಪ್ಪದ ಬಸ್‌ಸ್ಟ್ಯಾಂಡಲ್ಲಿ ಇದೀನಿ. ನಂಗೆ ನನ್ನ ಮೇಲೇ ಹೆದ್ರಿಕೆ ಆಗ್ತಾ ಇದೆ. ಮಗು ಜೊತೆಗಿದೆ. ಬಿಟ್ಟು ಹೋಗ್ಬಿಡ್ತೀನೇನೋ ಅಂತ.”

ಎಲ್ಲಿಗೆ ಎಂದು ಮೂಕಾಂಬಿಕಾ ಕೇಳಲಿಲ್ಲ. ಇಪ್ಪತ್ತು ವರ್ಷ ಮನೆಮನೆ ತಿರುಗಿದ ಹೆಂಗಸು, ಅವಳಿಗೆ ಅರ್ಥವಾಯಿತು.

“ಅಲ್ಲೇ ಜನ ಇರೋ ಕಡೆ ಕೂತ್ಕ. ಮಗಳ ಕೈ ಹಿಡ್ಕ. ಫೋನ್ ಇಡ್ಬೇಡ, ನಾನು ಬರೋವರೆಗೂ ಮಾತಾಡ್ತಾನೇ ಇರು.”

ಏನು ಮಾತಾಡುವುದು? ಮೂಕಾಂಬಿಕಾಳೇ ಮಾತಾಡಿದಳು. ಈಗ ಚಪ್ಪಲಿ ಹಾಕಿಕೊಂಡೆ, ಈಗ ಯೋಗೇಂದ್ರನಿಗೆ ಇನ್ನೊಂದು ಫೋನಿನಿಂದ ಹೇಳಿದೆ, ಅವನು ಎಸ್ಟೇಟಿನ ಜೀಪು ತರುತ್ತಿದ್ದಾನೆ, ಈಗ ಹತ್ತಿದೆವು, ಈಗ ತಿರುವು ದಾಟಿದೆವು. ನಡುನಡುವೆ, ಕೇಳಿಸುತ್ತಿದೆಯಾ ಎಂದು ಕೇಳುವಳು. ಹ್ಞೂಂ ಎಂದು ಸುಮಲತಾ ಹೇಳಬೇಕು. ಮುಕ್ಕಾಲು ಗಂಟೆ ಹಾಗೆ. ಮೂರು ಬಸ್ಸು ಬಂದು ಹೋದವು. ಪ್ರತಿ ಬಸ್ಸು ಬಂದಾಗಲೂ ಒಳಗಿನದು ಏಳು ಎಂದಿತು. ಪ್ರತಿ ಸಲವೂ ಅವಳು ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ನೋಯುತ್ತದೆ ಎಂದು ಶಾಂಭವಿ ಹೇಳಿದಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಯೋಗೇಂದ್ರ ಬಂದವನು ಹೆಂಡತಿಯ ಎದುರು ನಿಂತು ಏನೋ ಹೇಳಲು ಹೋದ. ಅವನ ಬಾಯಿಂದ ಆ ಹಳೆಯ ಮಾತು ಬರಲಿಲ್ಲ, ಹೊಸದೂ ಬರಲಿಲ್ಲ. ನೆಲದ ಮೇಲೆ ಅವಳ ಕಾಲ ಬಳಿ ಕೂತುಬಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುತ್ತಿದ್ದಾರೆ ಎನ್ನುವುದೂ ಅವನಿಗೆ ಬೇಡವಾಗಿತ್ತು.

ಕೊಪ್ಪದ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಿದ್ದೆ, ಊಟ, ಕೆಲಸ ಎಲ್ಲ ಕೇಳಿದರು. ಈ ಯೋಚನೆ ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಹೊತ್ತು ಎಂದು ಕೇಳಿದರು. ಇಂಥ ಪ್ರಶ್ನೆ ಅವಳನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಆಮೇಲೆ, ಸಾಯಬೇಕು ಅಂತ ಅನ್ನಿಸಿದೆಯಾ ಎಂದು, ಜ್ವರ ಇದೆಯಾ ಎಂದು ಕೇಳುವಷ್ಟೇ ನೇರವಾಗಿ ಕೇಳಿದರು. ಸುಮಲತಾ ಮಗಳನ್ನು ಮೂಕಾಂಬಿಕಾಳ ಜೊತೆ ಹೊರಗೆ ಕಳಿಸಿದಳು. ಹೌದು ಎಂದಳು. ಹೇಳಿದ ಕೂಡಲೇ ಮಗುವನ್ನು ತನ್ನಿಂದ ಕಿತ್ತುಕೊಳ್ಳುತ್ತಾರೆ, ತನ್ನನ್ನು ಕೂಡಿಹಾಕುತ್ತಾರೆ ಎಂದು ಮೈಯೆಲ್ಲ ಬಿಗಿಹಿಡಿದು ಕಾದಳು. ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು, ಅಷ್ಟೇ. ಇದು ಖಿನ್ನತೆ ಎನ್ನುವ ಕಾಯಿಲೆ, ಬಾಣಂತನದಲ್ಲಿ ಬಂದದ್ದೂ ಇದೇ ಇರಬೇಕು ಎಂದರು. ಒಂದೇ ಯೋಚನೆ ಸುತ್ತಿ ಸುತ್ತಿ ಬರುವುದು ಈ ಕಾಯಿಲೆಯ ಗುಣ, ಅದಕ್ಕೆ ಉತ್ತರ ಕೊಟ್ಟಷ್ಟೂ ಅದು ಇನ್ನೊಂದು ಕೇಳುತ್ತದೆ, ಮಾತ್ರೆಗೂ ಸಮಯ ಬೇಕು, ಮಾತಿಗೂ ಸಮಯ ಬೇಕು, ಮನಸ್ಸಿನ ಡಾಕ್ಟರನ್ನು ಇದೇ ವಾರ ನೋಡಬೇಕು, ಅಲ್ಲಿಯವರೆಗೆ ಒಂದು ಗಳಿಗೆಯೂ ಒಬ್ಬಳೇ ಇರಕೂಡದು ಎಂದರು. ಮಗು ನಿಮ್ಮ ಜೊತೆಗೇ ಮನೆಗೆ ಹೋಗಲಿ, ಮನೆಯವರೆಲ್ಲ ಜೊತೆಗಿರಲಿ ಎಂದೂ ಹೇಳಿದರು.

ಹಿಂದಿರುಗುವಾಗ ಜೀಪಿನ ಹಿಂದಿನ ಸೀಟಿನಲ್ಲಿ ಸುಮಲತಾ ಮಧ್ಯದಲ್ಲಿ, ಒಂದು ಪಕ್ಕ ಮೂಕಾಂಬಿಕಾ, ಇನ್ನೊಂದು ಪಕ್ಕ ಶಾಂಭವಿ. ಸರಿಹೋಯಿತು ಎಂದು ಹೇಳಲು ನನಗೂ ಆಸೆ. ಸರಿಹೋಗಿರಲಿಲ್ಲ. ನೋಡು, ಊರಿಗೆಲ್ಲ ಗೊತ್ತಾಯಿತು, ಗಂಡನ ಮಾನ ಕಳೆದೆ, ಮಗುವನ್ನು ಹೆದರಿಸಿದೆ ಎಂದು ಅದು ಒಳಗೆ ಹೇಳುತ್ತಲೇ ಇತ್ತು. ಸುಮಲತಾ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದು ಕೊಡುವುದಕ್ಕಿಂತ ಕಷ್ಟವಾಗಿತ್ತು.

ಮಗಳು ಕೇಳಿದ್ದಕ್ಕೆ ಮಾತ್ರ ಉತ್ತರ ಬಾಕಿಯಿತ್ತು. ಅವಳು ಶಾಂಭವಿಯ ಕಡೆಗೆ ಬಾಗಿದಳು.

“ಪುಟ್ಟಿ, ನಿನ್ನ ಬಿಟ್ಟು ಬರಕ್ಕೇ ಹೊರಟಿದ್ದೆ ಕಣೆ. ಕರ್ಕಂಡು ಹೋಗಕ್ಕೆ ಬತ್ತಿರ್ಲಿಲ್ಲ ನಾನು. ಈಗ ಬಿಡಲ್ಲ. ನಂಗೆ ಹಂಗೆ ಮತ್ತೆ ಅನ್ಸಿದ್ರೆ, ಮೊದ್ಲು ಅಪ್ಪಂಗೆ ಹೇಳ್ತೀನಿ.”

ಮುಂದೆ ಸ್ಟೇರಿಂಗ್ ಹಿಡಿದಿದ್ದ ಯೋಗೇಂದ್ರ ಜೀಪನ್ನು ರಸ್ತೆಯ ಬದಿಗೆ ನಿಲ್ಲಿಸಿದ. ತಿರುಗಿ ನೋಡಲಿಲ್ಲ. ಹಿಂದಕ್ಕೆ ಕೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದುಕೊಂಡ.